ಎರಡು ಪೇಪರಿನ ಮಂಡಕ್ಕಿ

ದಾವಣಗೆರೆಯ ಎಸ್.ಎಸ್. ಬಡಾವಣೆಯ ಬಾಡಿಗೆ ಮನೆಯಲ್ಲಿ ಇದ್ದದ್ದು ಇಬ್ಬರೇ: ನಾನು, ಮತ್ತು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನಂದಿಗುಡಿಯ ಅಕ್ಕ. ರಕ್ತಸಂಬಂಧವೇನಿಲ್ಲ, ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೇ ಅಕ್ಕ. ಭಾನುವಾರ ಸಂಜೆ ಅವಳು ಹಳೆಯ ಪೇಪರ್ ಹಾಸಿ ಖಾರ ಮಂಡಕ್ಕಿ ಸುರಿಯುತ್ತಿದ್ದಳು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಒಂದೇ ರಾಶಿಗೆ ಇಬ್ಬರ ಕೈ. ವಾರದಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ತಿನ್ನುತ್ತಿದ್ದದ್ದು ಅದೊಂದೇ ಹೊತ್ತು.

ನನಗಾದ ಉಗುರುಸುತ್ತು ತಿಂಗಳುಗಳಾದರೂ ಮಾಯದಿದ್ದಾಗ, ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸಲು ಬಂದವಳು ಅವಳೇ. ನಾನು ಬಿಡಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಪುರಾವೆಯಿಲ್ಲದ ನಿಂಬೆಹಣ್ಣಿಗೆ ಬೆರಳು ಕೊಡುವುದುಂಟೆ? ಮೊಬೈಲಿನಲ್ಲಿ ಓದಿದ್ದನ್ನು ಎಣಿಸೆಣಿಸಿ ವಾದಿಸಿದೆ: ತಿಂಗಳುಗಟ್ಟಲೆ ವಾಸಿಯಾಗಿಲ್ಲ, ಆದ್ದರಿಂದ ಇದು ಯೀಸ್ಟ್, ಅಂದರೆ ಫಂಗಸ್, ಫಂಗಸ್ ಹರಡುತ್ತದೆ. ಅಕ್ಕ ನಿಂಬೆಹಣ್ಣನ್ನು ವಾಪಸು ಒಳಗಿಟ್ಟಳು. ಗೆದ್ದೆ ಅಂದುಕೊಂಡೆ. ಮುಂದಿನ ಭಾನುವಾರ ಎರಡು ಪೇಪರ್ ಹಾಸಿದ್ದಳು.

ಮತ್ತೆ ಮತ್ತೆ ಸೋಪು ಹಚ್ಚಿ ಕೈ ತೊಳೆದೆ. ಊತ ಹೆಚ್ಚಾಯಿತು.

ಕೊನೆಗೆ ಹೋದದ್ದು ಹರಿಹರದ ಚರ್ಮದ ಡಾಕ್ಟರ ಬಳಿ. ಅವರು ಬೆರಳಿಗಿಂತ ಮೊದಲು ಮೊಣಕೈ ನೋಡಿದರು, ಕಿವಿಯ ಹಿಂದೆ ನೋಡಿದರು, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳನ್ನು ತೋರಿಸಿದರು. ನನಗಿದ್ದದ್ದು ಸೋರಿಯಾಸಿಸ್. ಅದು ಉಗುರಿನ ಬುಡದ ಚರ್ಮವನ್ನು ಸಡಿಲ ಮಾಡಿದೆ, ಆ ಸಂದಿಗೆ ನೀರು ಇಳಿದಿದೆ, ಒದ್ದೆ ಜಾಗದಲ್ಲಿ ಯೀಸ್ಟ್ ಬಂದು ಕೂತಿದೆ. ಯೀಸ್ಟೇ ಕಾರಣವೆಂದು ನಾನು ಅಲ್ಲೂ ಪಟ್ಟು ಹಿಡಿದೆ.

"ಬಾಗ್ಲು ತೆಗ್ದಿತ್ತಮ್ಮ, ಅದು ಒಳಗ್ ಬಂತು. ಮೊದ್ಲು ಕೈ ಒಣಗಿಸಿಟ್ಕೋ," ಎಂದರು.

ಇದು ಯಾರಿಗೂ ಅಂಟುವ ಕಾಯಿಲೆಯಲ್ಲ ಎಂದೂ ಹೇಳಿದರು. ಬಸ್ಸಿನಲ್ಲಿ ದಾವಣಗೆರೆಯವರೆಗೆ ಆ ಒಂದು ಮಾತನ್ನೇ ಅಕ್ಕನಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದೆ.

ಭಾನುವಾರ ಹೇಳಿದೆ.

"ಹರಡತೈತೆ ಅಂದೋಳೂ ನೀನೇ ಅಲ್ಲೇನೆ?"

"ಆವಾಗ ನಂದು ತಪ್ಪಾಗಿತ್ತಕ್ಕ."

"ಎರಡು ಸಲಾನೂ ಅಷ್ಟೇ ಜೋರಾಗಿ ಹೇಳ್ತೀಯಲ್ಲೇ. ನಾ ಯಾವುದನ್ನ ನಂಬ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಡಿಸುವ ಕೈ ಅವಳದು. ಆ ಕೈಗೂ ಹರಡೀತೆಂಬ ಭಯ ಹುಟ್ಟಿಸಿದವಳು ನಾನೇ. ಅಕ್ಕ ಅಂದೂ ಎರಡು ಪೇಪರ್ ಹಾಸಿ, ದೊಡ್ಡ ರಾಶಿಯನ್ನೂ ಹೆಚ್ಚಿನ ಬಜ್ಜಿಯನ್ನೂ ನನ್ನ ಕಡೆ ಸರಿಸಿದಳು. ಇಬ್ಬರೂ ತಿಂದೆವು. ಒಮ್ಮೆ ಅವಳ ಮಂಡಕ್ಕಿಯ ಸದ್ದು, ಒಮ್ಮೆ ನನ್ನದು. ಅವಳು ಪೇಪರ್ ಮಡಚಿ ಎದ್ದರೂ ನನ್ನ ರಾಶಿ ಅರ್ಧ ಹಾಗೇ ಇತ್ತು.