ಹಗೇವಿನ ಬಾಯಲ್ಲಿ ಅಜ್ಜಿ

ನಿನ್ನೆ ದೊಡ್ಡೇರಿ ಕಡೆಯ ಬಸ್ಸಿನಲ್ಲಿ ಅಜ್ಜಿ ಒಂದು ಚೀಲ ರಾಗಿ ಕಳಿಸಿದ್ದಳು. ಮಧುಗಿರಿಯ ನನ್ನ ಬಾಡಿಗೆ ಕೋಣೆಯಲ್ಲಿ ಅದರ ಬಾಯಿ ಬಿಚ್ಚಿದೆ. ಮುಗ್ಗಲು, ಮಣ್ಣು, ಹಳೆಯ ಹುಲ್ಲು ಮೂರೂ ಬೆರೆತ ವಾಸನೆ ಮುಖಕ್ಕೆ ಹೊಡೆಯಿತು. ಹಗೇವಿನ ರಾಗಿಯ ವಾಸನೆ. ಕೆಳಗಿನ ಮನೆಯಾಕೆ ಮೂಗಿಗೆ ಸೆರಗು ಹಿಡಿದು, "ಇದನ್ನ ತಿಂತೀರಾ ಮೇಡಂ?" ಎಂದರು. ತಿನ್ನುತ್ತೇನೆ. ಆದರೆ ನನಗೂ ಆ ವಾಸನೆಗೂ ಇರುವುದು ತಿನ್ನುವ ಸಂಬಂಧವೊಂದೇ ಅಲ್ಲ. ನಾನು ಅದರೊಳಗೆ ಇಳಿದು ಬಂದವಳು.

ನೀವು ಹಗೇವು ನೋಡಿಲ್ಲದಿದ್ದರೆ, ನೆಲದಲ್ಲಿ ಹೂತಿಟ್ಟ ಒಂದು ಭಾರಿ ಗಡಿಗೆಯನ್ನು ನೆನೆಸಿಕೊಳ್ಳಿ. ಕತ್ತು ಒಬ್ಬರು ಭುಜ ಕುಗ್ಗಿಸಿ ಇಳಿಯುವಷ್ಟು, ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು. ಸುಗ್ಗಿಯ ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ, ಅಂದು ಯಾರೂ ಇಳಿಯುವಂತಿಲ್ಲ. ಆರದಿದ್ದರೆ ನಾನು ಇಳಿಯುತ್ತಿದ್ದೆ. ದೀಪ ಯಾಕೆ ಆರುತ್ತದೆಂದು ಈಗ ನಾನು ಕಾಲೇಜಿನಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಎಪ್ಪತ್ತರ ದಶಕದ ಆ ಬೇಸಿಗೆಗಳಲ್ಲಿ ಒಂಬತ್ತು ಹತ್ತು ವರ್ಷದ ನನಗೆ ಗೊತ್ತಿದ್ದದ್ದು ಇಷ್ಟೇ: ಮನೆಯಲ್ಲಿ ಎಲ್ಲರಿಗಿಂತ ಸಣಕಲಿ ನಾನು. ಓದಿನಲ್ಲಿ ಮುಂದಿದ್ದೇನೆಂದು ಯಾರೂ ಹೊಗಳಿದ ನೆನಪಿಲ್ಲ; ಹಗೇವಿನ ಬಾಯಿಗೆ ಸಲೀಸಾಗಿ ಹಿಡಿಸುತ್ತೇನೆಂದು ನೆಂಟರ ಮುಂದೆಲ್ಲ ಹೊಗಳಿದ್ದಾರೆ.

ದೀಪ ಉರಿದರೂ ಅಜ್ಜಿಗೆ ಪೂರ್ತಿ ನಂಬಿಕೆ ಬಾರದು. ನನ್ನ ಸೊಂಟಕ್ಕೆ ಹಗ್ಗ ಬಿಗಿದು, ಹಗೇವಿನ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಾತು ಶುರು ಮಾಡುತ್ತಿದ್ದಳು. ಅವಳ ಒಂದೊಂದು ಮಾತಿಗೂ ನಾನು ಒಳಗಿನಿಂದ "ಊಂ" ಅನ್ನಬೇಕು. ಊಂ ನಿಂತರೆ ಉಸಿರು ಕಟ್ಟಿದೆ ಎಂದು ಲೆಕ್ಕ. ತಕ್ಷಣ ಹಗ್ಗ ಎಳೆಯುವುದು. ಬೇರೆ ಮನೆಗಳಲ್ಲಿ ಕತೆ ಹೇಳುತ್ತಿದ್ದರಂತೆ. ನಮ್ಮಜ್ಜಿಗೆ ಕತೆ ಬರುತ್ತಿರಲಿಲ್ಲ, ದೂರು ಬರುತ್ತಿತ್ತು.

"ಆ ಪಕ್ಕದ್ಮನೆಯೋಳು ಮೊರ ಇಸ್ಕಂಡು ಹೋಗಿ ಎಂಟು ದಿನ ಆತು."

"ಊಂ."

"ತಂದು ಕೊಡೋ ಬುದ್ಧಿ ಐತಾ ಅವ್ಳಿಗೆ?"

"ಊಂ."

"ಐತಂತೆ! ಲೇ, ಕೇಳಿಸ್ಕಂಡು ಊಂ ಅನ್ನೇ."

ಕತ್ತಲಲ್ಲಿ ಮಂಡಿಯವರೆಗೆ ರಾಗಿಯಲ್ಲಿ ಹೂತು ಪುಟ್ಟಿ ತುಂಬುತ್ತಿದ್ದೆ. ತಲೆಯ ಮೇಲೆ ತಟ್ಟೆಯಗಲದ ಆಕಾಶ, ಅದರಲ್ಲಿ ಅಜ್ಜಿಯ ಅರ್ಧ ಮುಖ. ಭಯವಾಗುತ್ತದೆ ಎಂದು ಹೇಳಿಕೊಳ್ಳುವುದು ನನಗೆ ಆಗಲೂ ಬರುತ್ತಿರಲಿಲ್ಲ.

ಒಂದು ಸಲ ಅಜ್ಜಿ ದೂರುತ್ತಾ ದೂರುತ್ತಾ ನನ್ನ ಅವ್ವನ ಹತ್ತಿರ ಬಂದಳು. "ಹೆಣ್ಣು ಮಗೀನ ಮಧುಗಿರಿ ಇಸ್ಕೂಲಿಗೆ ಹಾಕ್ತಾಳಂತೆ ನಿಮ್ಮವ್ವ. ತಲೆ ನೆಟ್ಟಗೈತಾ ಅವ್ಳಿಗೆ?" ಹೆತ್ತ ಅವ್ವನ ಮೇಲಿನ ದೂರಿಗೆ ಊಂ ಅನ್ನುವುದು ಹೇಗೆ? ಸುಮ್ಮನಾದೆ. ಆಮೇಲೆ ಹಗ್ಗ ಬಿಗಿಯಿತು. ಹಗ್ಗ ಎಳೆಯಬೇಕಾದ ದೊಡ್ಡಪ್ಪ ದನಗಳಿಗೆ ನೀರು ಕುಡಿಸಲು ಹೋಗಿದ್ದರು. ಅಜ್ಜಿ ಒಬ್ಬಳೇ ನನ್ನನ್ನು ಮೇಲಕ್ಕೆಳೆದು ಹಾಕಿದಳು. ಕಣ್ಣು ಪಿಳಿಪಿಳಿ ಬಿಡುತ್ತಿದ್ದ ನನ್ನನ್ನು ಕಂಡು ಕೆನ್ನೆಗೊಂದು ಬಿಟ್ಟಳು. "ಊಂ ಅನ್ನಾಕೆ ಏನು ರೋಗ ಬಂದಿತ್ತೇ ನಿಂಗೆ?" ಏಟಿಗಿಂತ ಕೆನ್ನೆ ಒದ್ದೆಯಾದದ್ದು ನನಗೆ ವಿಚಿತ್ರವೆನಿಸಿತು. ಹಗ್ಗ ಅವಳ ಅಂಗೈಯ ಚರ್ಮವನ್ನು ಸುಲಿದು ರಕ್ತ ಬರಿಸಿತ್ತು. ಅಲ್ಲಿಂದ ಮುಂದೆ ಹಗೇವಿನ ಬಾಯಲ್ಲಿ ಕೂತು ಅವಳು ಅವ್ವನ ಸುದ್ದಿ ಎತ್ತಲಿಲ್ಲ. ಅಡುಗೆಮನೆಯಲ್ಲಿ ಎತ್ತುತ್ತಿದ್ದಳು; ಅಲ್ಲಿ ಗಾಳಿ ಚೆನ್ನಾಗಿತ್ತಲ್ಲ.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ, ಹೋದ ತಿಂಗಳವರೆಗೆ. ಈ ವರ್ಷ ಇದ್ದಕ್ಕಿದ್ದಂತೆ ನನ್ನ ಬಲಗಿವಿ ಕೇಳದಾಯಿತು. ಒಳಗೆ ಗಡ್ಡೆಯೇನಾದರೂ ನರವನ್ನು ಒತ್ತುತ್ತಿದೆಯೇ ಎಂದು ನೋಡಲು ಡಾಕ್ಟರು ನಗರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಎಂ.ಆರ್.ಐ. ಎಂಬ ಯಂತ್ರ ಆಗಷ್ಟೇ ಬಂದಿತ್ತು. ಅದರ ಫಿಲ್ಮನ್ನು ಅಂದೇ ಸಂಜೆ ನೋಡಿ, ತಲೆಗೆ ಕತ್ತಿ ಹಾಕಬೇಕೋ ಬೇಡವೋ ಹೇಳುತ್ತೇವೆ ಎಂದಿದ್ದರು. ಅವ್ವನಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತದೆ. ಜೊತೆಗೆ ಹೊರಟವಳು ಅಜ್ಜಿ.

ಯಂತ್ರವನ್ನು ಕಂಡಾಗ ನನ್ನ ಕಾಲು ನಿಂತಲ್ಲೇ ನಿಂತಿತು. ಅಡ್ಡಡ್ಡ ಮಲಗಿಸಿದ ಹಗೇವು. ಅಜ್ಜಿ ಅದರ ಬಾಯಿಯನ್ನೇ ನೋಡಿ, ಯಂತ್ರ ನಡೆಸುವಾತನನ್ನು ಕೇಳಿದಳು: "ಏನಪ್ಪಾ, ಮಗೀನ ಒಳೀಕೆ ಬಿಡೋ ಮುಂಚೆ ದೀಪ ಬುಟ್ಟು ನೋಡಿದ್ರಾ?"

"ಒಳಗೆ ಫ್ಯಾನ್ ಇದೆ ಅಜ್ಜಿ, ಗಾಳಿ ಬರುತ್ತೆ."

"ಬರ್ತದೆ ಕಣಪ್ಪಾ. ಬರೋ ಗಾಳಿ ಒಳ್ಳೇದಾ ಕೆಟ್ಟದ್ದಾ ಅಂತ ನಿನ್ನ ಫ್ಯಾನು ಹೇಳ್ತದಾ?"

ಎಂ.ಎಸ್‌ಸಿ. ಓದಿದ ನಾನು ಬೇರೆ ಕಡೆ ನೋಡಿದೆ. ಒಳಗೆ ಜೊತೆಗೊಬ್ಬರು ಕೂರಬಹುದಂತೆ, ಮೈಮೇಲೆ ಲೋಹ ಇರಬಾರದು. ಅಜ್ಜಿ ಕೈಕಡಗ ಬಿಚ್ಚಿದಳು, ಸೊಂಟದ ಎಲಡಿಕೆ ಚೀಲದಿಂದ ಅಡಕತ್ತರಿ ತೆಗೆದಿಟ್ಟಳು. ಮೂಗುಬೊಟ್ಟು ಮಾತ್ರ ಎಳೆದರೂ ತಿರುಗಿಸಿದರೂ ಬರಲಿಲ್ಲ. ಮದುವೆಗೆ ಮೊದಲು ಹಾಕಿದ್ದು, ಮೂಗು ಅದನ್ನು ತನ್ನದೇ ಅಂದುಕೊಂಡಿತ್ತು. ಅವಳನ್ನು ಹೊರಗೆ, ಗಾಜಿನ ಆಚೆ, ಯಂತ್ರ ನಡೆಸುವಾತನ ಪಕ್ಕದಲ್ಲಿ ಕೂರಿಸಿದರು.

ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಬೇಕು. ತೀರಾ ಆಗದಿದ್ದರೆ ಒತ್ತಲು ಕೈಗೊಂದು ರಬ್ಬರ್ ಉಂಡೆ ಕೊಟ್ಟರು. ಮೂಗಿನ ಮೇಲೆ ಒಂದು ಗೇಣಿನಲ್ಲಿ ಬಿಳಿ ಸೂರು. ಟಕ್ ಟಕ್ ಟಕ್ ಎಂದು ಸುತ್ತಲೂ ಸುತ್ತಿಗೆ ಬಡಿಯತೊಡಗಿತು. ಬೆವರಿದೆ. ಮಗ್ಗಿ ಹೇಳಿಕೊಂಡೆ, ಹದಿನೇಳರಲ್ಲಿ ದಾರಿ ತಪ್ಪಿದೆ. ಬಡಿತ ನಿಂತಿತು. ಆ ನಿಲುಗಡೆ ಇದೆಯಲ್ಲ, ಅದು ದೂರು ಹೇಳಿ ಉತ್ತರಕ್ಕೆ ಕಾಯುವ ಅಜ್ಜಿಯ ನಿಲುಗಡೆಯೇ. ನನಗರಿವಿಲ್ಲದೆ, "ಊಂ" ಎಂದೆ. ಮತ್ತೆ ಬಡಿತ, ಮತ್ತೆ ಊಂ. ಭಯ ಇಳಿಯುತ್ತಾ ಬಂತು. ಇಷ್ಟು ವರ್ಷದ ಮೇಲೂ ಈ ವಿದ್ಯೆ ಕೈಕೊಡಲಿಲ್ಲವೆಂದು ಹೆಮ್ಮೆಪಡುತ್ತಿರುವಾಗಲೇ ಹಲಗೆಯ ಸಮೇತ ನನ್ನನ್ನು ಹೊರಗೆಳೆದರು.

"ಮೇಡಂ, ಪದೇ ಪದೇ ತಲೆ ಆಡಿಸ್ತಿದ್ದೀರಿ. ಚಿತ್ರವೆಲ್ಲ ಕಲಸಿಹೋಗಿದೆ. ಒಳಗೆ ಯಾರ ಜೊತೆ ಮಾತಾಡ್ತಿದ್ರಿ?"

"ಯಾರ ಜೊತೆಗೂ ಇಲ್ಲ" ಎಂದೆ. ಗದ್ದ ತಗ್ಗಿಸದೆ ಊಂ ಅನ್ನಲು ನನಗೆ ಬರುವುದಿಲ್ಲವೆಂದು ಅಂದೇ ಗೊತ್ತಾದದ್ದು.

"ಇನ್ನೊಂದು ಸಲ ನೋಡೋಣ. ಅದೂ ಕೆಟ್ಟರೆ ಮೂರು ವಾರ ಬಿಟ್ಟು ಬರಬೇಕಾಗುತ್ತೆ."

ತಲೆಯೊಳಗೆ ಏನಿದೆಯೆಂದು ತಿಳಿಯದೆ ಇನ್ನೂ ಮೂರು ವಾರ. ಅಜ್ಜಿ ಬಾಗಿಲಲ್ಲೇ ನಿಂತು, "ಊಂ ಅಂದ್ಬುಟ್ಯಾ?" ಎಂದಳು.

ಹೌದೆಂದೆ.

"ಈ ಸಲ ನೀನು ಬಾಯಿ ಬುಡಬೇಡ. ಅದ್ನ ನಾನು ಅಂತೀನಿ, ಹೋಗು."

ಹೋದೆ. ಬಡಿತ ಶುರುವಾಯಿತು. ಅವಳು ಊಂ ಅನ್ನುವುದಾದರೆ ಮಾತು ಹೇಳಬೇಕಾದವಳು ನಾನಾದೆ. ನನಗೆ ದೂರಿ ಅಭ್ಯಾಸವಿಲ್ಲ. ಮನಸ್ಸಿನಲ್ಲೇ, ತುಟಿ ಅಲುಗಿಸದೆ, ಒಂದೊಂದಾಗಿ ತೆಗೆದೆ. ಹಿಂದಿನ ಬೆಂಚಿನವರ ಪ್ರಶ್ನೆ ನನಗೆ ಕೇಳುವುದಿಲ್ಲ, ಕೇಳಿದಂತೆ ನಟಿಸುತ್ತೇನೆ. ಬಲಮಗ್ಗುಲಲ್ಲಿ ನಡೆಯುವವರ ಮಾತಿಗೆ ಸುಮ್ಮನೆ ನಗುತ್ತೇನೆ. ಗಡ್ಡೆ ಇದ್ದರೆ ಏನು ಮಾಡಲಿ? ಹಗೇವಿನಲ್ಲಿ ನನಗೆ ಬಹಳ ಭಯವಾಗುತ್ತಿತ್ತು ಅಜ್ಜೀ. ಪ್ರತಿ ಮಾತಿನ ಕೊನೆಗೂ ಯಂತ್ರ ನಿಲ್ಲುತ್ತಿತ್ತು. ದಪ್ಪ ಗಾಜಿನ ಆಚೆಯದೇನೂ ನನ್ನ ಒಳ್ಳೆಯ ಕಿವಿಗೂ ಕೇಳುತ್ತಿರಲಿಲ್ಲ. ರಬ್ಬರ್ ಉಂಡೆಯನ್ನು ಒತ್ತಲಿಲ್ಲ.

ಹೊರಗೆ ಬಂದಾಗ ಯಂತ್ರ ನಡೆಸುವಾತ ಹಣೆ ಒತ್ತಿಕೊಳ್ಳುತ್ತಿದ್ದ. "ಚಿತ್ರ ಚೆನ್ನಾಗಿ ಬಂದಿದೆ ಮೇಡಂ. ನಿಮ್ಮಜ್ಜಿ ಮಾತ್ರ ಮುಕ್ಕಾಲು ಗಂಟೆ ನನ್ನ ಕಿವಿಯಲ್ಲಿ ಊಂ, ಊಂ ಅಂತಲೇ ಇದ್ದರು. ಸಾಕು ಅಂದರೆ, ನಿಲ್ಸಿದ್ರೆ ಹಗ್ಗ ಎಳೀಬೇಕಾಗ್ತದೆ ಅಂದರು. ಯಾವ ಹಗ್ಗ ಮೇಡಂ?"

ಅಜ್ಜಿ ಎರಡು ಮುಷ್ಟಿಯನ್ನೂ ಬಿಗಿಹಿಡಿದೇ ಕೂತಿದ್ದಳು. ನನ್ನನ್ನು ಕಂಡು ಬಿಚ್ಚಿದಳು. "ಬಾಯಿ ಒಣಗೋತು. ನೀರು ಕೊಡ್ಸು ನಡಿ."

ಗಡ್ಡೆ ಇಲ್ಲವೆಂದರು ಡಾಕ್ಟರು. ನರ ತಾನಾಗಿಯೇ ಸೋತಿದೆ, ಆ ಕಿವಿ ಮತ್ತೆ ಕೇಳುವುದಿಲ್ಲ. ಅಷ್ಟು ದೊಡ್ಡ ಯಂತ್ರ ಹೇಳಿದ್ದು ಇಷ್ಟೇ. ಇದಕ್ಕೆ ಅಷ್ಟು ಸದ್ದು ಬೇಕಿತ್ತೇ ಎಂದಳು ಅಜ್ಜಿ.

ರಾಗಿಯನ್ನು ಡಬ್ಬಕ್ಕೆ ಸುರಿದು ಮುಗಿಸಿದ್ದೇನೆ. ಚೀಲ ತಂದ ಕಂಡಕ್ಟರ್, "ತಲುಪಿತು ಅಂತ ಒಂದು ಕಾಗದ ಹಾಕ್ಬೇಕಂತೆ ಕಣಮ್ಮ" ಎಂದು ಹೇಳಿ ಹೋಗಿದ್ದಾನೆ. ಇಷ್ಟು ದಿನ ನಾನು ಊರಿಗೆ ಹಾಕುತ್ತಿದ್ದ ಕಾರ್ಡುಗಳಲ್ಲಿ ಎರಡೇ ಸಾಲು: ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಈ ಸಲ ಬರೆದೆ: ಕೆಳಗಿನ ಮನೆಯವರು ನಿನ್ನ ರಾಗಿಗೆ ಮೂಗು ಮುಚ್ಚಿಕೊಂಡರು. ಪ್ರಿನ್ಸಿಪಾಲರಿಗೆ ಕಿವಿಯ ವಿಷಯ ಇನ್ನೂ ಹೇಳಿಲ್ಲ. ಹೇಳಲು ಭಯ.

ಅಜ್ಜಿಗೆ ಓದು ಬಾರದು, ದೊಡ್ಡಪ್ಪ ಓದಿ ಹೇಳಬೇಕು. ಅವರದು ಒಂದೇ ಉಸಿರಿಗೆ ಓದಿ ಮುಗಿಸುವ ಅಭ್ಯಾಸ. ಅದಕ್ಕೇ ಒಂದೊಂದು ಸಾಲಿನ ಕೆಳಗೂ ಒಂದು ಸಾಲಿನಷ್ಟು ಜಾಗ ಬಿಟ್ಟು, "ಇಲ್ಲಿ ಸ್ವಲ್ಪ ನಿಲ್ಲಿ" ಎಂದು ಅಂಚಿನಲ್ಲಿ ಗುರುತು ಹಾಕಿದ್ದೇನೆ.