ಅಕ್ಕನ ಬಾವಿಯ ಹೊಳೆಮೀನು

ಬೆಳಿಗ್ಗೆ ಏಳಕ್ಕೆ ಬಾಗಲಕೋಟೆಯಲ್ಲಿ ಇಳಕಲ್ ಬಸ್ಸು ಹತ್ತಿದೆವು. ಜೊತೆಗಿದ್ದವಳು ಸವಿತಾ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ನಮ್ಮ ಹೊಳೆಗಳ ಮೂಲ ಮೀನುಗಳ ಸಂಶೋಧಕಿ. ಅವಳಿಗೆ ಉಚಿತ ಟಿಕೆಟ್, ನನಗೆ ಪೂರ್ತಿ ದರ, ಮೇಲೆ ಖಾಲಿ ಕೊಡ ಹೊರುವ ಕೆಲಸವೂ ನನ್ನದೇ.

ಹಿಂದಿನ ದಿನ ಬಾದಾಮಿ ಕಡೆ, ಚೊಳಚಗುಡ್ಡದ ಸುತ್ತ ಬಲೆ ಬೀಸಿದ್ದೆವು. ಬಂದದ್ದೆಲ್ಲ ಜಿಲೇಬಿ ಮೀನು. ಹೊರಗಿನಿಂದ ಬಂದ ಇದು ನಮ್ಮ ಸಣ್ಣ ಮೀನುಗಳ ಮೊಟ್ಟೆ, ಮರಿ ತಿಂದು ನೀರನ್ನೆಲ್ಲ ಆಕ್ರಮಿಸುತ್ತದೆ. ನಮ್ಮೂರಾಚೆಯ ಹೊಂಡಕ್ಕೆ ಅದನ್ನು ತಂದು ಬಿಟ್ಟವನು ನಾನೇ. ಮಾಸ್ತರನಾಗಿದ್ದಾಗ, ಸೊಳ್ಳೆ ಕಡಿಮೆಯಾಗಲಿ ಎಂದು ಮಾಡಿದ ಘನಕಾರ್ಯ. ಸವಿತಾ ಆ ಹೊಂಡ ಬತ್ತಿಸಿ, ಜಿಲೇಬಿ ತೆಗೆಸಿ, ಮತ್ತೆ ನೀರು ತುಂಬಿಸಿದ್ದಾಳೆ. ಅಲ್ಲಿಗೀಗ ಮೊದಲಿದ್ದ ಬೊಟ್ಟಿನ ಮೀನು ಬೇಕು: ಬೆರಳುದ್ದ, ಬೆಳ್ಳಿ ಬಣ್ಣ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಹಳೇ ಊರು ಹಿನ್ನೀರಿನಲ್ಲಿ ಮುಳುಗಿ, ಆಚೆಯ ಈ ಹೊಂಡವಷ್ಟೇ ಉಳಿದ ಮೇಲೆ ನಾನದನ್ನು ಕಂಡಿಲ್ಲ.

ಅಮೀನಗಡದಲ್ಲಿ, ಇಳಕಲ್ಲಿಗೆ ಮದುವೆಯಾಗಿ ಹೋದ ಅಕ್ಕನಿಗೆಂದು ಕರದಂಟು ಕೊಂಡೆ. ಹುನಗುಂದ ದಾಟುವಾಗ ಬಿಸಿಲು ಏರಿತ್ತು. ಮಗಳ ಗಂಡನ ಮನೆಯಲ್ಲಿ ಬಾವಿ ತೋಡಿದರೆ ತವರಿನ ಮೀನು ಬಿಡುವುದು ನಮ್ಮ ಮನೆತನದ ಪದ್ಧತಿ. ಅಪ್ಪ ಅಕ್ಕನ ಬಾವಿಗೆಂದು ಆ ಹೊಂಡದ ಬೊಟ್ಟಿನ ಮೀನು ಹಿಡಿದು, ಮಣ್ಣಿನ ಕೊಡ ತೊಡೆಯ ಮೇಲಿಟ್ಟುಕೊಂಡು, ಇದೇ ದಾರಿಯಲ್ಲಿ ಹೋಗಿದ್ದ. ಬಸ್ಸು ಕುಲುಕಿದಾಗಲೆಲ್ಲ ಅವನ ಧೋತರ ಒದ್ದೆಯಾಗುತ್ತಿತ್ತು.

ಇಳಕಲ್ಲಿನಲ್ಲಿ ಅಕ್ಕನ ಮನೆಯ ಎರಡೂ ಬದಿಗೆ ಮಗ್ಗದ ಸದ್ದು. ಖಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿದ್ದವಳು, ಬಂದ ಕಾರಣ ಹೇಳಿದ್ದೇ ಕೈ ನಿಲ್ಲಿಸಿದಳು.

"ಅವು ಬರೇ ಮೀನಲ್ಲೋ ತಮ್ಮಾ. ಊರು ಮುಳುಗಿತು, ಮನಿ ಮುಳುಗಿತು. ನನಗ ತವರು ಅಂತ ಉಳದದ್ದು ಆ ಬಾವ್ಯಾಗ ಐತಿ."

"ಎಲ್ಲಾ ಬ್ಯಾಡ್ರಿ ಅಮ್ಮಾರ, ಒಂದಿಷ್ಟ ಸಾಕು" ಎಂದಳು ಸವಿತಾ.

ಜಿಲೇಬಿಯ ಸಂಗತಿಯನ್ನು ಅಕ್ಕನಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಅಂದು ಬಾಯಿಬಿಟ್ಟೆ.

"ಅಪ್ಪ ಮೀನ ಹಿಡದ ಹೊಂಡಕ್ಕ? ಸಾಲಿ ಕಲಿಸಾಂವ ನೀನ ಹಿಂಗ ಮಾಡಿದ್ಯಾ?"

ಅಕ್ಕ ರೊಟ್ಟಿಯ ಚೂರು ಹಿಡಿದು, ನಮ್ಮನ್ನೂ ಕರೆದುಕೊಂಡು ಹಿತ್ತಿಲಿಗೆ ನಡೆದಳು. ಬಾವಿಗೆ ಎಸೆದದ್ದೇ ತಡ, ಕಪ್ಪು ಬೊಟ್ಟುಗಳು ಮೇಲೆದ್ದವು. ಸವಿತಾ ಬೇಕಾದಷ್ಟೇ ಮೀನುಗಳನ್ನು ಬಲೆಯಲ್ಲಿ ಎತ್ತಿದಳು. ಕೊಡದ ಬಾಯಿಗೆ ಅಕ್ಕ ತನ್ನ ಹಳೆಯ ಸೀರೆಯ ತುಂಡು ಕಟ್ಟಿದಳು.

ಊರು ಮುಳುಗಿದ ಮೇಲೆ ಅಕ್ಕ ಬಾಗಲಕೋಟೆಗೆ ಬಂದವಳೇ ಅಲ್ಲ. "ನೀರ ನೋಡಾಕ ಬರ್ಲೇನು?" ಎಂದು ಬೈಯುತ್ತಿದ್ದಳು. ಅಂದು ಬಸ್ ನಿಲ್ದಾಣಕ್ಕೆ ಬಂದು ಕಿಟಕಿ ಹಿಡಿದು ನಿಂತಳು.

"ಮರಿ ಆದ ಕೂಡ್ಲೆ ಹೇಳಿ ಕಳಸು. ಬಾಣಂತನಕ್ಕ ನಾನ ಬರ್ತೇನಿ."

ಹುನಗುಂದದ ಹತ್ತಿರ ಬಸ್ಸು ಕುಲುಕಿತು. ನನ್ನ ಪ್ಯಾಂಟು ಪೂರ್ತಿ ಒದ್ದೆ. ಕೊಡವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.