ಕಾವಲಿಯಂತೆ ಒರೆಸಿದ ರೈಫಲ್

ರೈಫಲ್‌ನ ನಳಿಗೆಯೊಳಗೆ ಮಾವ ಕುದಿನೀರು ಹೊಯ್ಯುವಾಗಿನ ಗುಳುಗುಳು ಸದ್ದು ಇನ್ನೂ ಕಿವಿಯಲ್ಲಿದೆ. ಅಮ್ಮನ ತಮ್ಮನಾದ ಅವರು ಊರು ಬಿಟ್ಟು ಮಹಾನಗರಕ್ಕೆ ಬಂದು ಸಯನ್‌ನಲ್ಲಿ ನಮ್ಮೊಡನೆಯೇ ಇದ್ದು, ಶೂಟಿಂಗ್ ಕ್ಲಬ್ಬೊಂದರಲ್ಲಿ ರೈಫಲ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಮಹಾಯುದ್ಧ ಮುಗಿದು ಹತ್ತು ವರ್ಷವಾದರೂ ಅಲ್ಲಿ ಸೈನ್ಯದಲ್ಲಿ ಮಿಕ್ಕ ಅದೇ ಸರ್‌ಪ್ಲಸ್ ತೋಟಾ.

"ತೋಟಾದ ಬುಡದಲ್ಲಿ ಯುದ್ಧದ ವರ್ಷ ಉಂಟಾ, ಹಾಗಾದ್ರೆ ಹೊಗೆಯಲ್ಲಿ ಉಪ್ಪುಂಟು, ನಳಿಗೆಗೆ ತುಕ್ಕು ಹಿಡಿಸ್ತದೆ. ಮೊದಲು ಬಿಸಿನೀರು, ಆಮೇಲೆ ಎಣ್ಣೆ," ಎನ್ನುತ್ತಿದ್ದರು.

ಒಂದು ಮಳೆಗಾಲ ಮಾವನಿಗೆ ಜ್ವರ. ತೊಳೆಯಲು ಮನೆಗೆ ತಂದಿದ್ದ ಕ್ಲಬ್ಬಿನ ಸೆಕ್ರೆಟರಿ ಸಾಹೇಬರ ರೈಫಲನ್ನು ನನಗೆ ಒಪ್ಪಿಸಿದರು. ನೀರು ಕಾಯಿಸಲು ಹೋದರೆ ಅಮ್ಮ ತಡೆದಳು.

"ಕಬ್ಬಿಣಕ್ಕೆ ನೀರು ಹಾಕ್ತಾರಾ ಮಾರಾಯ್ತಿ? ದೋಸೆ ಕಾವಲಿಗೆ ಹಾಕ್ತೇವಾ? ಕಾನ್ವೆಂಟಲ್ಲಿ ಇದನ್ನೇ ಕಲಿಸೂದಾ?"

ಎಣ್ಣೆಯಲ್ಲಿ ಉಪ್ಪು ಕರಗದೆಂದು ಸೈನ್ಸ್ ಕ್ಲಾಸಿನಲ್ಲಿ ಕಲಿತಿದ್ದೆ. ಆದರೂ ಒಬೀಡಿಯಂಟ್ ಗರ್ಲ್ ನಾನು, ಎಣ್ಣೆಯಲ್ಲಷ್ಟೇ ಒರೆಸಿಟ್ಟೆ. ವಾರದೊಳಗೆ ನಳಿಗೆಯ ಒಳಮೈಯನ್ನೆಲ್ಲ ತುಕ್ಕು ತಿಂದಿತ್ತು. ಮಾವ ನೀರಿನಲ್ಲಿ ತೊಳೆಯಲು ತಾನೇ ಮರೆತೆನೆಂದು ಸಾಹೇಬರಿಗೆ ಹೇಳಿ ಕೆಲಸ ಕಳೆದುಕೊಂಡರು.

ಅವರು ಊರಿಗೆ ಹೊರಟ ದಿನ ಸಯನ್ ಸ್ಟೇಷನ್ನಿಗೆ ನಾನೊಬ್ಬಳೇ ಹೋಗಿದ್ದೆ. "ಸಾರಿ ಮಾವ, ಅಮ್ಮ ನೀರು ಹಾಕ್ಲಿಕ್ಕೆ ಬಿಡ್ಲಿಲ್ಲ" ಎಂದೆ.

"ತುಕ್ಕು ಹಿಡಿದದ್ದು ಅದರಿಂದ ಅಂತ ಅಕ್ಕನಿಗೆ ಹೇಳ್ಬೇಡ ಮಗಾ, ಪಾಪ, ಅವಳಿಗೆ ನಿದ್ದೆ ಬರ್ಲಿಕ್ಕಿಲ್ಲ," ಎಂದರು. ಟ್ರಂಕ್ ಎತ್ತಿಕೊಂಡು ಲೋಕಲ್ ರೈಲು ಹತ್ತಿದರು. ಜನರ ನಡುವೆ ಅವರ ಬಿಳಿ ಅಂಗಿಯ ತೋಳಷ್ಟೇ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅವರನ್ನು ನೋಡಲಿಲ್ಲ.